ವಿಭೂತಿ ಹಚ್ಚಿದ ರೊಟ್ಟಿ ಮಷೀನು

ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದು ಎರಡು ವರ್ಷ ಆಗಿತ್ತು. ನಾನು ಅಫಜಲಪುರದಲ್ಲಿ ವಕೀಲಿಗೆ ಕೂತು ಇಪ್ಪತ್ತೆಂಟು ವರ್ಷ ಕಳೆದಿದ್ದವು. ಹೊಟ್ಟೆಪಾಡು ಹೊಲದ ಗಡಿ ಬಾಂದಿನ ಜಗಳ, ಆಸ್ತಿ ಪಾಲಿನ ವಾಟ್ನಿ ದಾವೆಗಳಿಂದ ನಡೆಯುತ್ತಿತ್ತು. ಆಳಂದ, ಜೇವರ್ಗಿ ಕೋರ್ಟುಗಳಿಗೂ ಓಡಾಡುತ್ತಿದ್ದೆ. ಇದರ ನಡುವೆ ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗದಲ್ಲಿ ತಿಂಗಳಿಗೆ ಒಂದೆರಡು ದೂರು ನಡೆಸುವುದು ನನಗೊಂದು ಚಟ. ನನ್ನ ಹೆಂಡತಿ ಅವುಗಳಿಗೆ ‘ಪುಕ್ಕಟೆ ಕೇಸು’ ಎಂದು ಹೆಸರಿಟ್ಟಿದ್ದಳು, ಆ ಹೆಸರು ಸುಳ್ಳೇನಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕಾಗದಪತ್ರ ತರದೆ ಬಂದು ಕತೆ ಹೇಳುವ ಕಕ್ಷಿದಾರರನ್ನು ಕಂಡರೆ ಅದು ಅಲ್ಲೂ ನಿಲ್ಲುವುದಿಲ್ಲ.

ದೀಪಾವಳಿ ಮುಗಿದ ಮರುವಾರ ಮಣ್ಣೂರಿನಿಂದ ಮೂವರು ಹೆಣ್ಣುಮಕ್ಕಳು ಟಂಟಂ ಹಿಡಿದು ನನ್ನ ಆಫೀಸಿಗೆ ಬಂದರು. ಮುಂದೆ ನಿಂತವಳು ಮಹಾನಂದಾ, ಮೂವತ್ತರ ಆಸುಪಾಸು, ಸ್ವಸಹಾಯ ಸಂಘದ ಅಧ್ಯಕ್ಷೆ. ಹಿಂದೆ ಸೆರಗು ಹೊದ್ದು ನಿಂತ ಹಿರಿಯಾಕೆ ಶರಣಮ್ಮ, ಅರವತ್ತು ದಾಟಿದ ಜೀವ, ಹಣೆ ತುಂಬ ವಿಭೂತಿ. ಮೂರನೆಯವಳು ಜೊತೆಗೆ ಬಂದವಳು, ಸಂಘದವಳೇ. ಏನು ವಿಷಯ ಎಂದು ಕೇಳುವಷ್ಟರಲ್ಲಿ ಶರಣಮ್ಮ ಅರಿವೆಯ ಗಂಟು ಬಿಚ್ಚಿ ನನ್ನ ಮೇಜಿನ ಮೇಲೆ, ಫೈಲುಗಳ ಮೇಲೇ, ಮೂರು ಜೋಳದ ರೊಟ್ಟಿ ಇಟ್ಟಳು.

“ಇದೇನವ್ವ? ಊಟಕ್ಕೆ ಕೂತಿಲ್ಲ ನಾನು. ಕಾಗದ ಎಲ್ಲಿ, ಕಾಗದ?” ಎಂದು ರೇಗಿದೆ.

“ಕಾಗದ ಆಮ್ಯಾಲ ನೋಡ್ರಿ ವಕೀಲ್ರ. ಮೊದಲ ರೊಟ್ಟಿ ನೋಡ್ರಿ” ಎಂದಳು.

ನೋಡಿದೆ. ಒಂದು ಕಡೆ ಅಂಚು ಸುಟ್ಟು ಕರಕಲಾಗಿತ್ತು, ಇನ್ನೊಂದು ಕಡೆ ದಪ್ಪಗೆ ಹಸಿ ಹಿಟ್ಟು ಹಾಗೇ ಇತ್ತು. ಮೂರನೆಯದರ ಮೇಲೆ ಸೀಸದ ಕಡ್ಡಿಯಿಂದ ಎಳೆದಂಥ ಒಂದು ಬೂದು ಗೆರೆ. ಹೀಗೆ ಶುರುವಾಯಿತು ಆ ಪ್ರಕರಣ.

ಒಂಬತ್ತು ಜನ ಹೆಣ್ಣುಮಕ್ಕಳ ಸಂಘ ಅದು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಅಫಜಲಪುರ, ಜೇವರ್ಗಿ, ಆಳಂದದ ಖಾನಾವಳಿಗಳಿಗೆ ಕಳಿಸುತ್ತಿದ್ದರು. ಅವರಲ್ಲಿ ಒಂದು ನಿಯಮವಿತ್ತು: ಯಾರು ಎಷ್ಟು ರೊಟ್ಟಿ ಬಡಿದರೋ ಅವರಿಗೆ ಅಷ್ಟು ಪಾಲು. ಬಡಿಯದವರಿಗೆ ಪಾಲಿಲ್ಲ. ಈ ನಿಯಮ ಮಾಡಿದವಳು ಬೇರೆ ಯಾರೂ ಅಲ್ಲ, ಶರಣಮ್ಮನೇ. ಉಳಿದ ಎಂಟು ಜನರಿಗೆ ಗಿರಾಕಿ ಒಪ್ಪುವ ಹಾಗೆ ರೊಟ್ಟಿ ಬಡಿಯುವುದು ಕಲಿಸಿದವಳೂ ಆಕೆಯೇ. ಆದರೆ ಹಿಂದಿನ ವರ್ಷ ಆಕೆಯ ಬಲ ಹೆಗಲು ಹಿಡಿದುಕೊಂಡಿತು. ಕೈ ಕಿವಿಯ ಮಟ್ಟಕ್ಕೆ ಏಳುತ್ತಿರಲಿಲ್ಲ. ಇನ್ನು ರೊಟ್ಟಿ ಬಡಿದರೆ ಕೈ ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಖಡಾಖಂಡಿತ ಹೇಳಿಬಿಟ್ಟರು.

ಉಳಿದವರು ಪಾಲು ಕೊಡುತ್ತೇವೆ ಎಂದರೂ ಆಕೆ ಮುಟ್ಟಲಿಲ್ಲ. “ಕೈ ಹಚ್ಚದ ರೊಟ್ಟಿದು ಪಾಲು ನನಗ ಬ್ಯಾಡ” ಎಂದು ಸಂಘ ಬಿಡಲು ಹೊರಟಿದ್ದಳು. ಆಗ ಮಹಾನಂದಾ ಒಂದು ದಾರಿ ಹುಡುಕಿದಳು. ಕಲಬುರಗಿಯ ಡೀಲರೊಬ್ಬರ ಹತ್ತಿರ ವಿದ್ಯುತ್ ರೊಟ್ಟಿ ಮಷೀನು ಇತ್ತು. ಒಂದು ದುಂಡನೆಯ ತಾಟು ತಿರುಗುತ್ತದೆ, ಅದರ ಮೇಲೆ ಒಂದು ರೋಲರ್ ಓಡಿ ಹಿಟ್ಟಿನ ಉಂಡೆಯನ್ನು ರೊಟ್ಟಿಯಾಗಿ ಹರಡುತ್ತದೆ, ಬೇಯಿಸುವುದಷ್ಟೇ ಕೈಕೆಲಸ. ಅದನ್ನು ನಡೆಸಲು ಕೈ ಎತ್ತಬೇಕಾಗಿಲ್ಲ. ಸಂಘದ ಉಳಿತಾಯ ಹಾಕಿ, ಸ್ವಲ್ಪ ಸಾಲ ಮಾಡಿ ಆ ಮಷೀನು ತಂದರು. ಅಂದರೆ ಆ ಯಂತ್ರ ಬಂದಿದ್ದೇ ಶರಣಮ್ಮನನ್ನು ಸಂಘದಲ್ಲಿ ಉಳಿಸಿಕೊಳ್ಳಲಿಕ್ಕೆ. ಅದು ಕೆಟ್ಟರೆ ಆಕೆ ಮನೆಗೆ.

ಮೂರು ವಾರ ಚೆನ್ನಾಗಿ ನಡೆಯಿತು. ನಾಲ್ಕನೆಯ ವಾರದಿಂದ ರೊಟ್ಟಿ ಒಂದು ಮಗ್ಗುಲು ದಪ್ಪ, ಒಂದು ಮಗ್ಗುಲು ತೆಳು. ಜೇವರ್ಗಿಯ ಖಾನಾವಳಿಯವರು ರೊಟ್ಟಿಯ ಡಬ್ಬಿಯನ್ನೇ ವಾಪಸು ಕಳಿಸಿದರು. ಇವರು ಡೀಲರಿಗೆ ಫೋನು ಮಾಡಿ ಮಾಡಿ ಸಾಕಾಗಿ, ಕೊನೆಗೆ ಕಂಪನಿಯ ಸರ್ವಿಸ್ ಮನುಷ್ಯನೊಬ್ಬ ಬಂದ. ಹೊರಗಿನಿಂದ ನೋಡಿದ, ಸ್ವಿಚ್ ಹಾಕಿ ತೆಗೆದ, ಮೊಬೈಲಿನಲ್ಲಿ ಫೋಟೊ ಹೊಡೆದ, ಇಂಗ್ಲಿಷಿನಲ್ಲಿ ಒಂದು ರಿಪೋರ್ಟು ಬರೆದು ಸಹಿ ಕೇಳಿದ. ಮಹಾನಂದಾ ಸಹಿ ಹಾಕಿದಳು.

ಆ ರಿಪೋರ್ಟನ್ನು ನಾನು ಎರಡು ಸಲ ಓದಿದೆ. ‘ಗ್ರಾಹಕರು ಯಂತ್ರದ ಮೇಲೆ ನೀರು ಮತ್ತು ಪುಡಿ ಸುರಿದಿರುವುದರಿಂದ ದೋಷ ಉಂಟಾಗಿದೆ, ವಾರಂಟಿ ಅನ್ವಯಿಸುವುದಿಲ್ಲ, ಇದನ್ನು ಗ್ರಾಹಕರು ಒಪ್ಪಿರುತ್ತಾರೆ’ ಎಂಬುದು ಅದರ ಸಾರಾಂಶ. ಕೆಳಗೆ ಅಂದವಾಗಿ ಅಧ್ಯಕ್ಷೆಯ ಸಹಿ.

“ಓದದೇ ಯಾಕ ಸಹಿ ಮಾಡಿದಿ ತಂಗಿ? ಪಿಯುಸಿ ಓದೀದಿ ಅಂತಿ!”

ಮಹಾನಂದಾ ತಲೆ ತಗ್ಗಿಸಿದಳು. ಉತ್ತರ ಕೊಟ್ಟವಳು ಶರಣಮ್ಮ. “ಆಕಿಗಿ ಬೈಬ್ಯಾಡ್ರಿ. ಆ ಹುಡುಗ ಆಗಷ್ಟ ನಮ್ಮ ಕಟ್ಟಿ ಮ್ಯಾಲ ಕುಂತು ಉಂಡಿದ್ದ. ಎರಡು ರೊಟ್ಟಿ, ಪುಂಡಿಪಲ್ಲೆ. ಉಂಡ ಮನಿಷ್ಯಾ ಕಾಗದ ಮುಂದ ಹಿಡದ್ರ, ಓದಿ ನೋಡ್ತೇನಿ ತಡಿ ಅಂತ ಹ್ಯಾಂಗ ಅನ್ನೋದ್ರಿ? ಆತಗ ನಂಬಿಗಿ ಇಲ್ಲ ಅಂದಂಗ ಆಗಂಗಿಲ್ಲೇನು?”

ನಮ್ಮ ಕಡೆಯವರು ಮಾತ್ರ ಮಾಡಬಹುದಾದ ತಪ್ಪು ಇದು. ಬೈಯುವುದು ಬಿಟ್ಟು ಉಳಿದ ಕಾಗದ ಕೇಳಿದೆ. ಬಿಲ್ಲು ಮತ್ತು ಒಂದು ವರ್ಷದ ವಾರಂಟಿ ಕಾರ್ಡು ಜೋಪಾನವಾಗಿ ಪ್ಲಾಸ್ಟಿಕ್ ಚೀಲದಲ್ಲಿದ್ದವು. ಅಷ್ಟಾದರೂ ಇತ್ತಲ್ಲ ಎಂದು ಕೇಸು ಹಿಡಿದೆ.

ಮೊದಲು ನೋಟಿಸು ಕೊಟ್ಟೆವು, ಉತ್ತರ ಬರಲಿಲ್ಲ. ಆಮೇಲೆ ಡೀಲರು ಮತ್ತು ತಯಾರಕ ಕಂಪನಿ ಇಬ್ಬರ ಮೇಲೂ ಆಯೋಗಕ್ಕೆ ದೂರು ಸಲ್ಲಿಸಿದೆ. ಓದುಗರಿಗೆ ಇಲ್ಲಿ ಒಂದು ಸಂಗತಿ ಹೇಳಬೇಕು. ವ್ಯಾಪಾರದ ಉದ್ದೇಶಕ್ಕೆ ಕೊಂಡ ವಸ್ತುವಿಗೆ ಗ್ರಾಹಕ ಕಾಯ್ದೆಯ ರಕ್ಷಣೆ ಸಿಗುವುದಿಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲಿಕ್ಕೆಂದೇ ಕೊಂಡಿದ್ದರೆ ಸಿಗುತ್ತದೆ. ಕಂಪನಿಯವರ ಮೊದಲ ತಕರಾರೇ ಇದು: ‘ಇವರು ರೊಟ್ಟಿ ವ್ಯಾಪಾರಿಗಳು, ಗ್ರಾಹಕರೇ ಅಲ್ಲ.’ ಒಂಬತ್ತು ಜನ ತಾವೇ ನಾದಿ, ತಾವೇ ಬಡಿದು, ತಾವೇ ಬೇಯಿಸುವವರು, ಒಬ್ಬ ಕೂಲಿಯಾಳನ್ನೂ ಇಟ್ಟುಕೊಂಡವರಲ್ಲ. ಆ ತಕರಾರಿಗೆ ಉತ್ತರ ಕೊಡುವುದು ನನಗೆ ಕಷ್ಟವಾಗಲಿಲ್ಲ.

ಕಷ್ಟವಾಗಿದ್ದು ಎರಡನೆಯದು. ಗ್ರಾಹಕರು ಯಂತ್ರದ ಮೇಲೆ ದ್ರವ, ಪುಡಿ ಇತ್ಯಾದಿ ಹಾಕಿ ದುರ್ಬಳಕೆ ಮಾಡಿದ್ದಾರೆ ಎಂದು ಅವರು ಬರೆದಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ನಕ್ಕುಬಿಟ್ಟಿದ್ದೆ. ಸುಮ್ಮನೆ ಖಾತ್ರಿಗೆಂದು ಫೋನಿನಲ್ಲಿ ಮಹಾನಂದಾಳನ್ನು ಕೇಳಿದೆ.

“ನೀರು ಗೀರು ಏನೂ ಹಾಕಿಲ್ರಿ ಸರ. ಮಷೀನು ಬಂದ ದಿನ ಪೂಜಿ ಮಾಡಿದ್ವಿ, ಅಷ್ಟೇ. ವಿಭೂತಿ ಹಚ್ಚಿ, ಹೂ ಇಟ್ಟು, ಕಾಯಿ ಒಡದಿದ್ವಿ.”

ಯಪ್ಪಾ! ಪುಡಿ ಎಂದರೆ ವಿಭೂತಿ, ದ್ರವ ಎಂದರೆ ಕಾಯಿ ನೀರು. ಹೊಸ ಗಾಡಿ ಬರಲಿ, ಹೊಸ ಬಾವಿಗೆ ಪಂಪು ಬರಲಿ, ಪೂಜೆ ಮಾಡದೆ ಸ್ವಿಚ್ ಒತ್ತುವ ಮನೆ ನಮ್ಮ ಮೂರೂ ತಾಲೂಕಿನಲ್ಲಿ ಸಿಗಲಿಕ್ಕಿಲ್ಲ. ನಮ್ಮ ಮನೆಯ ಫ್ರಿಜ್ಜಿಗೂ ನನ್ನ ಹೆಂಡತಿ ಹಚ್ಚಿದ್ದಾಳೆ. ಆದರೆ ಆಯೋಗದ ಮುಂದೆ ಇದು ದುರ್ಬಳಕೆ ಅನಿಸಿಕೊಂಡರೆ ಕೇಸು ಅಲ್ಲಿಗೆ ಮುಗಿಯಿತು.

ಆಗ ನಾನು ಒಂದು ಜಾಣತನ ಮಾಡಿದೆ. ಜಾಣತನ ಎಂದು ಆ ದಿನ ಅಂದುಕೊಂಡಿದ್ದೆ. ಗ್ರಾಹಕ ಆಯೋಗದಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ಅಫಿಡವಿಟ್ ಮೂಲಕ, ಅಂದರೆ ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆಯ ಮೂಲಕ ಕೊಡುತ್ತಾರೆ. ಮೊದಲು ದೂರುದಾರರು, ನಂತರ ಎದುರುದಾರರು. ಮಹಾನಂದಾ ಮತ್ತು ಶರಣಮ್ಮ ಇಬ್ಬರ ಅಫಿಡವಿಟ್ಟಿನಲ್ಲೂ ಆರನೆಯ ಕಲಮಿಗೆ ಒಂದು ಸಾಲು ಸೇರಿಸಿದೆ: ‘ಸದರಿ ಯಂತ್ರಕ್ಕೆ ನಾವು ಯಾವುದೇ ಪೂಜೆಯನ್ನು ಮಾಡಿರುವುದಿಲ್ಲ.’ ನೋಡಿದವರು ಯಾರು? ಅವರ ಹತ್ತಿರ ಪುರಾವೆ ಇದ್ದಿದ್ದರೆ ತಕರಾರಿನ ಜೊತೆಗೇ ಹಾಕುತ್ತಿದ್ದರು. ಹೀಗೆ ನನ್ನ ಲೆಕ್ಕಾಚಾರ.

ಸಹಿಗೆ ಇಬ್ಬರೂ ಬಂದರು. ಶರಣಮ್ಮನಿಗೆ ಓದಲು ಬಾರದು, ಹೆಬ್ಬೆಟ್ಟು. ಹಾಗಾಗಿ ಪೂರ್ತಿ ಓದಿ ಹೇಳುವುದು ನನ್ನ ಕರ್ತವ್ಯ. ಆರನೆಯ ಕಲಮನ್ನು ಸ್ವಲ್ಪ ಗಡಿಬಿಡಿಯಲ್ಲೇ ಓದಿದೆ. ಆಕೆ ಮಸಿ ಹತ್ತಿಸಿಕೊಳ್ಳಲು ಮುಂದೆ ಚಾಚಿದ ಹೆಬ್ಬೆಟ್ಟನ್ನು ಹಿಂದಕ್ಕೆ ಎಳೆದುಕೊಂಡಳು.

“ಅದು ಇನ್ನೊಮ್ಮೆ ಓದ್ರಿ ವಕೀಲ್ರ.”

ಓದಿದೆ.

“ಪೂಜಿ ಮಾಡೇವಲ್ರಿ.”

“ಮಾಡಿದ್ದು ನನಗೂ ಗೊತ್ತದವ್ವ. ಆದ್ರ ಅದು ಹೇಳಿದ್ರ ಕೇಸು ಬೀಳ್ತದ. ಕೇಸು ಬಿದ್ರ ಮಷೀನು ಇಲ್ಲ. ಮಷೀನು ಇಲ್ಲಂದ್ರ ನಿಮ್ಮ ಕೆಲಸ ಇಲ್ಲ. ತಿಳೀತೇನು?”

“ತಿಳೀತ್ರಿ.” ಆಕೆ ನನ್ನ ಮುಖವನ್ನೇ ನೋಡಿದಳು. “ಈ ಕೈಲೇ ವಿಭೂತಿ ಹಚ್ಚೀನಿ. ಈಗ ಇದೇ ಕೈಲೇ, ಹಚ್ಚಿಲ್ಲ ಅಂತ ಹೆಬ್ಬೆಟ್ಟ ಒತ್ತಲೇನ್ರಿ? ಕೆಲಸ ಹೋದ್ರ ಹೋಗಲಿ. ಮಾಡಿದ್ದು ಮಾಡೇವಿ ಅಂತನೇ ಬರೀರಿ. ಕಾಯಿ ಹೊಸ್ತಿಲ ಕಲ್ಲಿಗಿ ಒಡದ್ವಿ, ಮಷೀನಿಗಿ ಒಡದಿಲ್ಲ. ವಿಭೂತಿ ಹೊರಗ ಹಚ್ಚೇವಿ, ಒಳಗ ಸುರದಿಲ್ಲ. ಅದೂ ಬರೀರಿ. ಉಂಡವನ ಮಾರಿ ನೋಡಿ ಸಹಿ ಮಾಡಿದ್ದೂ ಬರೀರಿ.”

ನನಗೆ ಸಿಟ್ಟು ಬಂತು, ಮುಚ್ಚಿಡುವುದೇಕೆ. ಇಪ್ಪತ್ತೆಂಟು ವರ್ಷದ ವಕೀಲನಿಗೆ ಈಕೆ ಬುದ್ಧಿ ಹೇಳುತ್ತಾಳಲ್ಲ ಎಂದು. “ಆಯ್ತು, ಸೋತ್ರ ನನ್ನ ಹೆಸರು ಹೇಳಬ್ಯಾಡ್ರಿ” ಎಂದು ಗೊಣಗುತ್ತ ಟೈಪಿಸ್ಟನನ್ನು ಕರೆದು ಎರಡೂ ಅಫಿಡವಿಟ್ಟು ಹೊಸದಾಗಿ ಬರೆಸಿದೆ. ಆಕೆ ಹೇಳಿದಂತೆಯೇ, ಒಂದು ಮಾತೂ ಬಿಡದೆ. ಆಮೇಲೆ ಹೆಬ್ಬೆಟ್ಟು ಒತ್ತಿದಳು.

ಮುಂದಿನ ವಾಯಿದೆಗೆ ಕಂಪನಿಯ ಕಡೆಯ ಅಫಿಡವಿಟ್ಟು ಬಂತು. ಅದರ ಜೊತೆಗೆ ಒಂದು ಫೋಟೊ. ಪ್ರತಿ ಆಯೋಗದ ಸಭಾಂಗಣದಲ್ಲೇ ನನ್ನ ಕೈಗೆ ಬಂತು. ಸರ್ವಿಸ್ ಮನುಷ್ಯ ಮೊಬೈಲಿನಲ್ಲಿ ಹೊಡೆದ ಚಿತ್ರ ಅದು. ಮಷೀನಿನ ಮುಂಭಾಗದಲ್ಲಿ ಮೂರು ಬೆರಳಿನ ವಿಭೂತಿ ಪಟ್ಟಿ ಎದ್ದು ಕಾಣುತ್ತಿತ್ತು, ಪಕ್ಕದಲ್ಲಿ ಒಣಗಿದ ಚೆಂಡು ಹೂವಿನ ಸರ. ನಾನು ಬರೆಸಿದ್ದ ಮೊದಲ ಅಫಿಡವಿಟ್ಟು ಆಯೋಗದ ಕಡತದಲ್ಲಿ ಇದ್ದಿದ್ದರೆ ಆ ಒಂದು ಚಿತ್ರ ಸಾಕಾಗಿತ್ತು. ಪ್ರಮಾಣ ಮಾಡಿ ಸುಳ್ಳು ಹೇಳಿದವರು ಇವರು, ಇವರ ರೊಟ್ಟಿಯ ಮಾತನ್ನೂ ನಂಬಬೇಡಿ ಎಂದುಬಿಡುತ್ತಿದ್ದರು. ಈಗ ಆ ಫೋಟೊ ನಾವು ಹೇಳಿದ್ದನ್ನೇ ಹೇಳಿತು. ಆಯೋಗದ ಅಧ್ಯಕ್ಷರು ಅದನ್ನೊಮ್ಮೆ, ನಮ್ಮ ಅಫಿಡವಿಟ್ಟನ್ನೊಮ್ಮೆ ನೋಡಿ, “ಇದನ್ನು ದೂರುದಾರರೇ ಒಪ್ಪಿದ್ದಾರಲ್ಲ. ಇದರಿಂದ ಯಂತ್ರ ಕೆಟ್ಟಿದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ” ಎಂದರು. ಪಾಲಿಟೆಕ್ನಿಕ್ಕಿನ ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕರೊಬ್ಬರನ್ನು ತಜ್ಞರಾಗಿ ನೇಮಿಸಿ, ಸ್ಥಳಕ್ಕೇ ಹೋಗಿ ಎರಡೂ ಕಡೆಯವರ ಎದುರು ಪರೀಕ್ಷೆ ಮಾಡಲು ಆದೇಶಿಸಿದರು.

ಹೀಗೆ ತಿಂಗಳುಗಳು ಕಳೆದವು. ಪರೀಕ್ಷೆ ಬೇಕಾದ ದೂರು ಐದು ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳುತ್ತದೆ. ನಮ್ಮದು ಒಂಬತ್ತು ತಿಂಗಳು ಹಿಡಿಯಿತು. ಪರೀಕ್ಷೆಯ ಒಂದು ದಿನ ಬಿಟ್ಟರೆ ಅಷ್ಟೂ ಕಾಲ ಶರಣಮ್ಮ ಸಂಘದ ಶೆಡ್ಡಿಗೆ ಕಾಲಿಡಲಿಲ್ಲ. ಮಹಾನಂದಾ ಪಾಲಿನ ದುಡ್ಡು ಮನೆಗೆ ಕಳಿಸಿದರೆ ವಾಪಸು ಬರುತ್ತಿತ್ತು. ಆಕೆ ಎಡಗೈಯಲ್ಲಿ ತೊಗರಿ ಹೊಲದ ಕಳೆ ತೆಗೆಯಲು ಹೋಗುತ್ತಿದ್ದಾಳೆ ಎಂದು ಮಹಾನಂದಾ ಫೋನಿನಲ್ಲಿ ಹೇಳಿದಳು.

ಪರೀಕ್ಷೆಯ ದಿನ ಬೆಳಿಗ್ಗೆ ಹತ್ತಕ್ಕೆ ಮಣ್ಣೂರಿನ ಶೆಡ್ಡಿನಲ್ಲಿ ಸೇರಿದೆವು. ಉಪನ್ಯಾಸಕರು ಆಳಂದ ಕಡೆಯವರು, ಮಿತಭಾಷಿ. ಮೊದಲು ಮೋಟರಿನ ಪೆಟ್ಟಿಗೆ ಬಿಚ್ಚಿದರು. ಒಳಗೆ ವಿಭೂತಿಯ ಒಂದು ಕಣವಿರಲಿಲ್ಲ, ನೀರಿನ ಕಲೆ ಇರಲಿಲ್ಲ. ಮೋಟರು ಸದ್ದಿಲ್ಲದೆ ತಿರುಗಿತು. ನಾನು ಹಿಗ್ಗಿದೆ. ಕಂಪನಿಯ ವಕೀಲರು, ಕಲಬುರಗಿಯ ಹಳೆಯ ಪರಿಚಯಸ್ಥರೇ, ನನಗಿಂತ ಹೆಚ್ಚು ಹಿಗ್ಗಿದರು. “ಮೋಟರ್ ಚಲೋ ಅದ ಅಂದ್ಮ್ಯಾಲ ಮಷೀನೂ ಚಲೋ ಅದ. ದೋಷ ಎಲ್ಲದ?” ಎಂದರು.

ಉಪನ್ಯಾಸಕರು ತಾಟನ್ನು ಖಾಲಿ ತಿರುಗಿಸಿ ನೋಡಿದರು. ಅದರ ಅಂಚಿಗೆ ಡಯಲ್ ಗೇಜ್ ಹಚ್ಚಿದರು. ಕೂದಲೆಳೆಯಷ್ಟು ಏರಿಳಿತವಿದ್ದರೂ ಮುಳ್ಳು ಅಲುಗಾಡಿಸಿ ತೋರಿಸುವ, ಗಡಿಯಾರದಂಥ ಮಾಪಕ ಅದು. ಮುಳ್ಳು ಕದಲಲಿಲ್ಲ. ತಾಟು ಸಮವಾಗಿಯೇ ಇತ್ತು. ಅವರು ಪೆನ್ನು ತೆಗೆದು ಬರೆಯಲು ಕೂತರು.

ಬಾಗಿಲ ಬಳಿ ನಿಂತಿದ್ದ ಶರಣಮ್ಮ ಒಳಗೆ ಬಂದಳು.

“ಸರ, ಜರಾ ತಡೀರಿ. ಖಾಲಿ ತಿರುಗಿಸಿದ್ರ ಏನು ಗೊತ್ತಾಗ್ತದ್ರಿ? ಹಿಟ್ಟು ಹಾಕ್ರಿ. ಇಪ್ಪತ್ತು ರೊಟ್ಟಿ ಹೊರಗ ಬರಲಿ. ಇದು ಬಿಸಿ ಆದ್ಮ್ಯಾಲ ಆಟ ಹೂಡ್ತದ.”

ಕಂಪನಿಯ ವಕೀಲರು ಆಕ್ಷೇಪಿಸಿದರು. ಉಪನ್ಯಾಸಕರು ಆಕೆಯನ್ನು ಒಂದು ಗಳಿಗೆ ನೋಡಿ, “ಹಾಕವ್ವ” ಎಂದರು.

ಎಂಟು ಜನ ಸಾಲಾಗಿ ಕೂತು ಹಿಟ್ಟು ನಾದಿ ಉಂಡೆ ಕಟ್ಟಿಕೊಟ್ಟರು. ಶರಣಮ್ಮ ಮಷೀನಿನ ಮುಂದೆ ಕೂತು ಎಡಗೈಯಿಂದ ಒಂದೊಂದೇ ಇಟ್ಟಳು. ಹತ್ತು ರೊಟ್ಟಿ ಚಂದಾಗಿ ಬಂದವು. ಹದಿನೈದು ಬಂದವು. ಹದಿನೇಳನೆಯದರ ಅಂಚು ಸ್ವಲ್ಪ ಓರೆಯಾದಂತೆ ನನಗೆ ಕಂಡಿತು, ಭ್ರಮೆಯೋ ಏನೋ. ಇಪ್ಪತ್ತೊಂದನೆಯ ರೊಟ್ಟಿಗೆ ಆಕೆ ಸ್ವಿಚ್ ಬಂದ್ ಮಾಡಿಸಿದಳು. ರೊಟ್ಟಿ ತೆಗೆದು ತಾಟಿನ ಮೇಲೆ ಮೂರು ಬೆರಳು ಹಗುರವಾಗಿ ಆಡಿಸಿದಳು, ಕಣ್ಣು ಮುಚ್ಚಿ. ಒಂದು ಕಡೆ ಬೆರಳು ನಿಂತವು. ಅಲ್ಲಿ ಒಂದು ಚಿಟಿಕೆ ಒಣ ಹಿಟ್ಟು ಇಟ್ಟಳು.

“ಇಲ್ಲಿ ಕೆಳಗ ಕುಂತದ ನೋಡ್ರಿ. ನಿಮ್ಮ ಮುಳ್ಳು ಈಗ ಹಚ್ರಿ.”

ಉಪನ್ಯಾಸಕರು ಹಿಟ್ಟು ಒರೆಸಿ, ಆ ಜಾಗಕ್ಕೆ ಪೆನ್ನಿನ ಗುರುತು ಹಾಕಿ, ತಾಟನ್ನು ಕೈಯಿಂದ ನಿಧಾನ ತಿರುಗಿಸುತ್ತ ಗೇಜ್ ಹಚ್ಚಿದರು. ಆ ಗುರುತು ಮಾಪಕದ ಕೆಳಗೆ ಬಂದಾಗ ಮುಳ್ಳು ಸರಕ್ಕನೆ ಓಡಿತು. ಮತ್ತೊಂದು ಸುತ್ತು. ಅದೇ ಜಾಗ, ಅದೇ ಓಟ.

ಆಮೇಲೆ ಅವರು ತಾಟಿನ ತಳದ ಕವಚ ಬಿಚ್ಚಿಸಿದರು. ಅದರ ಬೋಲ್ಟುಗಳ ಮೇಲೆ ಕಾರ್ಖಾನೆಯಲ್ಲಿ ಬಳಿದ ಬಣ್ಣ ಒಡೆದಿರಲಿಲ್ಲ, ಅಂದರೆ ಮಾರಾಟವಾದ ಮೇಲೆ ಅದನ್ನು ಯಾರೂ ಬಿಚ್ಚಿಲ್ಲ. ಸರ್ವಿಸ್ ಮನುಷ್ಯನೂ ಬಿಚ್ಚಿರಲಿಲ್ಲ. ಒಳಗೆ ತಾಟು ಹೊತ್ತ ದಂಡವನ್ನು ಹಿಡಿದಿಡುವ ಬೇರಿಂಗು ತನ್ನ ಗೂಡಿನಲ್ಲಿ ಸಡಿಲವಾಗಿತ್ತು. ಗೂಡಿನ ಅಳತೆ ತಪ್ಪಿದ್ದು ತಯಾರಿಸುವಾಗಲೇ. ಆ ಸಂದಿಗೆ ಯಾರೋ ಒಂದು ತಗಡಿನ ಚೂರು ತುರುಕಿ ಕವಚ ಮುಚ್ಚಿ ಬಣ್ಣ ಹೊಡೆದಿದ್ದರು. ಕೆಲವು ವಾರ ತಡೆದ ತಗಡು ಸವೆದಿತ್ತು. ಬಿಸಿಯೇರಿ ಭಾರ ಬಿದ್ದಾಗ ದಂಡ ಒಂದು ಕಡೆ ವಾಲಿ ತಾಟು ಓರೆಯಾಗುತ್ತಿತ್ತು, ಅಂಚು ರೋಲರಿಗೆ ತಾಗಿ ಸವೆಯುತ್ತಿತ್ತು. ರೊಟ್ಟಿಯ ಮೇಲಿನ ಬೂದು ಗೆರೆ ಆ ಲೋಹದ ಪುಡಿ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತ್ತು!

ಉಪನ್ಯಾಸಕರು ವರದಿ ಬರೆದರು. ಎದ್ದು ಹೋಗುವ ಮುಂಚೆ ಶರಣಮ್ಮನಿಗೆ ಕೈ ಮುಗಿದರು. “ನಾ ತಪ್ಪು ಬರದು ಹೋಗ್ತಿದ್ದೆನವ್ವ” ಎಂದಷ್ಟೇ ಹೇಳಿದರು.

ಒಂದೂವರೆ ತಿಂಗಳ ನಂತರ ಆದೇಶ ಬಂತು. ದೋಷ ತಯಾರಿಕೆಯದು, ಪೂಜೆಗೂ ಅದಕ್ಕೂ ಸಂಬಂಧವಿಲ್ಲ, ಓದಿ ತಿಳಿಸದೆ ಇಂಗ್ಲಿಷ್ ಕಾಗದದ ಮೇಲೆ ಪಡೆದ ಸಹಿಯಿಂದ ಗ್ರಾಹಕರ ಹಕ್ಕು ಹೋಗುವುದಿಲ್ಲ, ಡೀಲರು ಮತ್ತು ಕಂಪನಿ ಸೇರಿ ನಲವತ್ತೈದು ದಿನಗಳಲ್ಲಿ ದೋಷವಿಲ್ಲದ ಹೊಸ ಯಂತ್ರ ಕೊಡಬೇಕು, ಜೊತೆಗೆ ಪರಿಹಾರ ಮತ್ತು ದಾವೆಯ ಖರ್ಚು. ಅವರು ಮೇಲ್ಮನವಿಗೆ ಹೋಗಲಿಲ್ಲ. ಅವಧಿಯೊಳಗೇ ಹೊಸ ಮಷೀನು ಮಣ್ಣೂರಿಗೆ ಬಂತು.

ಆದೇಶದ ದಿನ ಮೆಟ್ಟಿಲಿಳಿಯುವಾಗ ಕಂಪನಿಯ ವಕೀಲರು ನನ್ನ ಹೆಗಲ ಮೇಲೆ ಕೈ ಹಾಕಿದರು. “ಖರೇ ಹೇಳ್ತೇನ್ರಿ. ಆ ಫೋಟೊ ಮೊದಲೇ ಇತ್ತು, ಬೇಕಂತನೇ ತಡದು ಇಟ್ಟಿದ್ವಿ. ನೀವು ಪೂಜಿ ಮಾಡಿಲ್ಲ ಅಂತ ಬರೀತೀರಿ ಅಂತ ಹಾದಿ ನೋಡಿದ್ವಿ. ನೀವು ಹಂಗ ಬರದುಬಿಟ್ಟಿದ್ರ ತಜ್ಞರ ತನಕ ಹೋಗ್ತಿದ್ದಿಲ್ಲ ಈ ಕೇಸು.” ಅವರು ನಗುತ್ತಾ ಹೋದರು. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತೆ.

ಮರುದಿನವೇ ಮಣ್ಣೂರಿಗೆ ಹೋದೆ. ಆದೇಶದ ಪ್ರತಿ ಕೊಡುವುದು ನೆಪ. ಶರಣಮ್ಮನ ಎದುರು ಕೂತು, ಉಳಿದ ಎಂಟು ಜನ ಕೇಳುವ ಹಾಗೆಯೇ, ಫೋಟೊದ ಸಂಗತಿ ಹೇಳಿದೆ. “ಅವ್ವ, ನಾ ಹೇಳಿದಂಗ ನೀವು ಹೆಬ್ಬೆಟ್ಟ ಒತ್ತಿದ್ರ ಇವತ್ತು ಎಲ್ಲಾ ಮುಳುಗಿ ಹೋಗ್ತಿತ್ತು. ನಿಮಗ ಸುಳ್ಳು ಹೇಳಲಿಕ್ಕ ಹಚ್ಚಿದವ ನಾನು. ತಪ್ಪಾತು” ಎಂದೆ. ಕಕ್ಷಿದಾರರ ಮುಂದೆ ಆ ಮಾತು ಆಡಿದ್ದು ನನ್ನ ವಕೀಲಿಯಲ್ಲಿ ಅದೊಂದೇ ಸಲ.

ಈ ವೃತ್ತಿ ನನಗೆ ಏನು ಕಲಿಸಿತು ಎಂದು ಕಿರಿಯ ವಕೀಲರು ಕೇಳುತ್ತಾರೆ. ಬಿಲ್ಲು ಜೋಪಾನ ಮಾಡಿಸಿ, ಓದದೆ ಸಹಿ ಹಾಕಬೇಡಿ ಎನ್ನಿ, ಎರಡು ವರ್ಷದೊಳಗೆ ದೂರು ಕೊಡಿ ಎಂದೆಲ್ಲ ಹೇಳುತ್ತೇನೆ, ಅವೆಲ್ಲ ನಿಜವೇ. ಆದರೆ ಕಕ್ಷಿದಾರರಿಗೆ ಈಗ ನಾನು ಹೇಳುವ ಮೊದಲ ಮಾತು ಬೇರೆ: ನಿಮಗೆ ಉಲ್ಟಾ ಆಗುವಂಥದ್ದು ಏನಾದರೂ ಇದ್ದರೆ ಅದನ್ನೇ ಮೊದಲು ಹೇಳಿ, ನಾವೇ ಅದನ್ನು ಆಯೋಗದ ಮುಂದೆ ಇಡೋಣ. ಇದು ಕಾನೂನಿನ ಪುಸ್ತಕದಿಂದ ಬಂದದ್ದಲ್ಲ, ಅಕ್ಷರ ಬಾರದ ಒಬ್ಬಾಕೆ ಕೊಟ್ಟದ್ದು. ಆ ಋಣ ನನ್ನ ಮೇಲಿದೆ, ಅದನ್ನು ಹೇಳಿಕೊಳ್ಳಲು ನನಗೆ ಸಂತೋಷ.

ಅವತ್ತು ನನ್ನ ಮಾತು ಮುಗಿದ ಮೇಲೆ ಶರಣಮ್ಮ ಮೊದಲು ಮಹಾನಂದಾಳ ಕಡೆ ನೋಡಿದಳು. ಹೊಸ ಮಷೀನು ಬಂದ ದಿನದಿಂದ ಶೆಡ್ಡಿಗೆ ಬರುತ್ತೇನೆ ಎಂದು ಆಕೆಗೆ ಹೇಳಿದಳು. ಮಹಾನಂದಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಶರಣಮ್ಮ ನನ್ನ ಕಡೆ ತಿರುಗಿ, ತಪ್ಪು ಮಾಡಿ ನೊಂದ ಹುಡುಗನನ್ನು ಸಮಾಧಾನ ಮಾಡುವ ಧಾಟಿಯಲ್ಲಿ ಅಂದಳು:

“ಇರಲಿ ಬಿಡ್ರಿ ವಕೀಲ್ರ. ಹರಕ ರೊಟ್ಟಿ ಯಾರ ಕೈಲೇನೂ ಆಗ್ತದ. ಗಿರಾಕಿಗಿ ಕೊಡಬಾರದು, ಅಷ್ಟೇ.”